ಅಂಗಡಿ ಸ್ಥಳಾಂತರಿಸಲಾಗಿದೆ

ಬೇರೆಯವರಿಗಾಗಿ ಈ ಬೋರ್ಡು
ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ:
ದುರ್ಗಿಗುಡಿಯ ಕನ್ನಡಕದಂಗಡಿಗೆ,
ಗಾರ್ಡನ್ ಏರಿಯಾದ ಜೆರಾಕ್ಸಿನವರಿಗೆ,
ಬಾಡಿಗೆ ಏರಿಸಿದರೆಂದು ಒಂದೇ ವರ್ಷದಲ್ಲಿ
ಮೂರು ಮಳಿಗೆ ಬದಲಿಸಿದ ದರ್ಜಿ ಗಫೂರಣ್ಣನಿಗೆ.
ಕೆಂಪು ಬಾಣಕ್ಕೆ ಬೇರೆ ದುಡ್ಡಿಲ್ಲ.

ಈ ಸಲ ನನಗೆ.

ಫೋನಿನೊಳಗಿನ ಆ ದೊಡ್ಡ ಪೇಟೆಯಲ್ಲಿ
ಆರು ವರ್ಷ, ದಿನಕ್ಕೊಂದು ಅಕ್ಷರ ಬರೆದು ತೋರಿಸಿದೆ.
ಕುಂಚ ಎತ್ತದೆ ಬರೆದ 'ಳ' ನೋಡಲು
ಮೂರು ಲಕ್ಷ ಜನ ಬಂದರು.
ಆಮೇಲೆ ಬಾಗಿಲು ಕಾಯುವವನ ಮರ್ಜಿ ಬದಲಾಯಿತು.
ಕುಣಿ ಅಂದ, ಇನ್ನೂ ಬೇಗ ಬರೆ ಅಂದ,
ಪೇಂಟು ಒಣಗುವಷ್ಟು ಹೊತ್ತು ಯಾರೂ ನಿಲ್ಲಲ್ಲ ಅಂದ,
ನಿಲ್ಲಿಸಬೇಕಾದರೆ ಇಷ್ಟು ಕೊಡು ಅಂದ.
ನನ್ನವರು ಅಂದುಕೊಂಡ ನಲವತ್ತೊಂದು ಸಾವಿರ
ಅವನ ಜಗಲಿಯ ಮೇಲೆ ಕೂತವರು.

ಹೊಸ ಜಾಗ ಸಾಗರದಲ್ಲಿದೆ, ಅಂದರೆ
ಫಿಲೋಮಿನಾ ಟೀಚರ ಮನೆಯಲ್ಲಿ,
ಹೊಲಿಗೆ ಯಂತ್ರದ ಪಕ್ಕದ ಹಳೇ ಕಂಪ್ಯೂಟರಿನಲ್ಲಿ.
ಕರೆಂಟು ಹೋದರೆ ಅರ್ಧ ಗಂಟೆ ಬ್ಯಾಟರಿ,
ಆಮೇಲೆ ನಾವು ಐವತ್ತೆಂಟು ಮಂದಿಯೂ ಕತ್ತಲು.
ತಿಂಗಳಿಗೆ ನಲವತ್ತು ರೂಪಾಯಿ, ಇಲ್ಲವೇ ಕೆಲಸ:
ನಾನು ಅವರ ಗೇಟಿಗೆ ಹೆಸರು ಬರೆದುಕೊಟ್ಟೆ.
ಇಂಥದೇ ಒಂದು ಕೊಪ್ಪದಲ್ಲಂತೆ, ಒಂದು ಧಾರವಾಡದಲ್ಲಿ,
ಎಲ್ಲೋ ಫಿನ್‌ಲೆಂಡಿನಲ್ಲೂ.
"ನಮ್ಮ ಕಡೆ ಊರೆಂದರೆ ಹೇಗೆ ಹೇಳು," ಅಂದರು ಟೀಚರು,
"ಗುಡ್ಡಕ್ಕೊಂದು ಮನೆ, ಹಳ್ಳಕ್ಕೊಂದು ಕಾಲುಸಂಕ.
ಸಂಕ ಯಾರದು? ದಾಟುವವರದು.
ಮುರಿದರೆ ಹಾಕಬೇಕಾದವರೂ ಅವರೇ, ಅದೂ ನೆನಪಿರಲಿ."

ನೆನಪಿದೆ. ಬೇಜಾರೂ ಇದೆ.
ನಿನ್ನೆ 'ಕ್ಷ' ಬರೆದೆ. ನೋಡಿದವರು ಹನ್ನೊಂದು.
ರಾತ್ರಿ ಮೂರು ಸಲ ಎದ್ದು ಹಳೇ ಪೇಟೆಗೆ ಇಣುಕಿದೆ,
ಖಾಲಿ ಮಾಡಿದ ಬಾಡಿಗೆ ಮನೆಯ ಮುಂದೆ
ಸುಮ್ಮನೆ ಸೈಕಲ್ ನಿಧಾನ ಮಾಡುವವರ ಹಾಗೆ.
ಅಲ್ಲಿ ತೂಗುಹಾಕಿ ಬಂದ ನನ್ನ ಬೋರ್ಡನ್ನು
ಕಾವಲಿನವನು ಗೋಡೆ ಕಡೆ ತಿರುಗಿಸಿಟ್ಟಿದ್ದಾನೆ.
ತಪ್ಪು ನನ್ನದೂ ಇರಬಹುದು:
ಬಾಣ ಯಾವ ಕಡೆಗೆಂದು ತಿಳಿಯದೆ
ಬರೆಯದೇ ಬಿಟ್ಟಿದ್ದೆ.

ಬೆಳಗ್ಗೆ ಕೊಪ್ಪದ ಕಡೆಯಿಂದ ಯಾರೋ
ಒಂದು ಫೋಟೋ ಕಳಿಸಿದ್ದರು. ಮುಚ್ಚಿದ ಹೋಟೆಲು,
ಬಣ್ಣವೆಲ್ಲ ಹೋಗಿ ಉಳಿದದ್ದು ಎರಡೇ ಅಕ್ಷರ.
"ಈ 'ಳ' ನಿಮ್ಮದಾ?"

ನನ್ನದಲ್ಲ, ನನಗೆ ಕುಂಚ ಹಿಡಿಸಿದ
ದೇವೇಂದ್ರಾಚಾರಿಯದು,
ಬಾಲ ಅವರು ಹೊರಗೆ ಬಿಡುತ್ತಿದ್ದರು, ನಾನು ಒಳಗೆ ಎಳೆಯುತ್ತೇನೆ,
ಯಾಕೆಂದರೆ ಎಂದು ಉತ್ತರ ಬರೆಯಲು ಕೂತೆ.
ಉದ್ದವಾಯಿತು.
ಡಬ್ಬಿಯಲ್ಲಿ ಪೇಂಟು ಕೆನೆಗಟ್ಟಿತು.