ಫರಸಿ

ವೈಶಾಖದ ಮಧ್ಯಾಹ್ನ. ಶಹಾಬಾದಿನಲ್ಲಿ
ಕಾಗೆ ಕೂಡ ಟಾಕಿಯ ನೆರಳು ಬಿಟ್ಟು ಏಳುವುದಿಲ್ಲ.
ಕರೆಂಟು ಹೋಯಿತು. ಗಾಳಿಹಾಸಿಗೆಯ ಪಂಪು
ಒಮ್ಮೆ ಬಿಕ್ಕಿ ಸುಮ್ಮನಾಯಿತು.
ರಬ್ಬರಿನ ಮೇಲೆ ಬೇಯುತ್ತಿದ್ದಳು ನನ್ನ ನೆಗೆಣ್ಣಿ ಜಗದೇವಿ,
ಎಪ್ಪತ್ತೊಂದು ವರ್ಷ, ಮೂವತ್ತೊಂದು ಕಿಲೊ.

“ನನಗ ಕೆಳಗ ಹಾಕ, ಕಮಳಾ.
ಫರಸಿ ಮ್ಯಾಲ ಹಾಕ. ಜೀವ ಸುಡ್ಲತ್ತದ.”

ಕೆಳಗೆ ಹಾಕುವುದು ಅಂದರೆ ಏನು ಅಂತ
ಈ ಓಣಿಯಲ್ಲಿ ಕೂಸಿಗೂ ಗೊತ್ತು.
ನೆಲಕ್ಕೆ ಇಳಿಸಿದರು ಅಂದರೆ ವಿಭೂತಿ ತಂದರು,
ಫೋನು ಹಚ್ಚಿದರು, ಬಾಗಿಲ ತುಂಬ ಚಪ್ಪಲಿ.
ನಮ್ಮ ಅತ್ತೆಯನ್ನು ಇಳಿಸಿದ್ದೂ ಇಲ್ಲೇ, ಕಂಬದ ಬುಡಕ್ಕೆ;
ತಲೆಯ ಕಡೆ ಅವಳು, ಕಾಲ ಕಡೆ ನಾನು.
ಆವತ್ತೂ ಜಗಳಾಡಿದೆವು,
ಯಾರ ಹಿಡಿತ ಸಡಿಲಾಯಿತೆಂದು.

“ಹುಚ್ಚಿ ಏನು, ಸುಮ್ಮ ಮಲಕೊ,” ಅಂದೆ.
ಹಣೆಗೆ ಒದ್ದೆ ಅರಿವೆ ಇಟ್ಟೆ.
ಮಗ್ಗಲು ತಿರುವುವಷ್ಟರಲ್ಲಿ ಅದು ಒಣಗಿತ್ತು.

ಸೊಲ್ಲಾಪುರದ ಡಾಕ್ಟರು “ಮನೆಗೆ ಒಯ್ಯಿರಿ” ಅಂದಾಗ
ಇನ್ನು ಮಾಡುವುದೇನೂ ಇಲ್ಲ ಅಂದುಕೊಂಡೆವು.
ಗುರುವಾರಕ್ಕೊಮ್ಮೆ ಸ್ಕೂಟಿಯ ಮೇಲೆ ಬರುವ ನರ್ಸಬಾಯಿ ಎಸ್ತರ
ಅಂಗೈಯಗಲದ ಕೆಲಸಗಳನ್ನು ಕಲಿಸಿದಳು:
ಹತ್ತಿ ಅದ್ದಿ ತುಟಿಗೆ ತೇವ ಹಚ್ಚುವುದು,
ಮೊಣಕಾಲ ನಡುವೆ ಹಳೆಯ ದಿಂಬು.
ನೋವು ಬರಲೆಂದು ಕಾಯಬೇಡಿ, ಅಂದಳು,
ಗಡಿಯಾರ ನೋಡಿ ಗುಳಿಗೆ ಕೊಡಿ.

ಆವತ್ತು ಗುರುವಾರ. ಅವಳ ಕಿವಿಯಲ್ಲಿ ಹೇಳಿದೆ,
ಕಳುವು ಒಪ್ಪಿಕೊಂಡ ಹಾಗೆ.
ಅವಳು ಬಗ್ಗಿ ಫರಸಿಗೆ ಅಂಗೈ ಹಚ್ಚಿದಳು.
“ತಣ್ಣಗದ. ಯಾಕ ಬ್ಯಾಡ?”
“ಮಂದಿ ಏನಂತಾರ್ರಿ?”
“ಮಂದಿ ಬೆನ್ನ ಸುಡ್ಲತ್ತದೇನು?”

ಗಂಡನ ಮುಖ ನೋಡಿದೆ.
ಅವರು ಎದ್ದು ಹೊರಗೆ ಹೋದರು, ಬಾಗಿಲು ಮುಂದೆ ಮಾಡಿಕೊಂಡು.
ಅವರ ‘ಆಗಲಿ’ ನಲವತ್ತು ವರ್ಷದಿಂದ ಹೀಗೆಯೇ.

ಇಬ್ಬರೂ ಹಿಡಿದು ಇಳಿಸಿದೆವು. ಕೊಡದಷ್ಟೂ ಭಾರವಿಲ್ಲ.
ಒಂದೇ ಪದರ ಧೋತರ ಹಾಸಿ, ಹಿಮ್ಮಡಿಗೆ ಮಾತ್ರ ದಿಂಬು.
ಅವಳು ತೋಳು ಚಾಚಿ ಅಂಗೈ ಬಿಚ್ಚಿ
ಕಲ್ಲಿಗೆ ಒತ್ತಿಕೊಂಡಳು,
ಉಸಿರು ಬಿಟ್ಟಳು, ಉದ್ದಕ್ಕೆ.

ಒಂದು ಕಾಲಕ್ಕೆ ಈ ಪಡಸಾಲೆ ಹಂಚಿಕೊಂಡಿದ್ದೆವು:
ಐದನೆಯ ಕಲ್ಲಿನಿಂದ ಆಚೆ ಅವಳದು, ಈಚೆ ನನ್ನದು.
ನನ್ನ ಕಸಬರಿಗೆ ಗೆರೆ ದಾಟುತ್ತಿರಲಿಲ್ಲ,
ಅವಳ ಕಸ ದಾಟುತ್ತಿತ್ತು.
ಈಗ ಕಣ್ಣು ಮುಚ್ಚಿಯೇ ಅಂದಳು,
“ನಿನ್ನ ಕಡೀ ಕಲ್ಲು ಮೊದಲಿಂದೂ ತಣ್ಣಗ.
ನನಗ ಗೊತ್ತಿತ್ತು.”

ಎಸ್ತರ ವಹಿ ತೆಗೆದಳು. “ಮಲಕೊಂಡು ಎಷ್ಟ ದಿನ ಆಯ್ತ್ರಿ?”
“ರಾತ್ರಿ ಎರಡಕ್ಕ ಎದ್ದಿದ್ದಳು, ನಾಲ್ಕಕ್ಕ ಮತ್ತ…”
“ಅವರದಲ್ಲ. ನಿಮ್ಮದು ಕೇಳ್ಲತ್ತೀನಿ.”

ಉತ್ತರ ಹುಡುಕಿದೆ. ಎಣಿಕೆಗೆ ಸಿಗಲಿಲ್ಲ.
ಗಂಟಲಿಗೆ ಏನೋ ಬಂತು; ನುಂಗಿದೆ.
“ಒಂದು ತಾಸು ನಾ ಇರ್ತೀನಿ,” ಅಂದು
ಬೀಸಣಿಗೆ ನನ್ನ ಕೈಯಿಂದ ತೆಗೆದುಕೊಂಡಳು.

ನಾನೂ ಮಲಗಿದೆ, ನೆಗೆಣ್ಣಿಯ ಮಗ್ಗಲಿಗೆ.
ಕಲ್ಲು ಬೆನ್ನಿನ ಒಂದೊಂದೇ ಎಲುಬನ್ನು
ಹೆಸರು ಹಿಡಿದು ಕರೆದಂತೆ ಆಯಿತು.
ಆಮೇಲೆ ಏನೂ ಗೊತ್ತಿಲ್ಲ.

ಎಚ್ಚರವಾದದ್ದು ಅಳುವಿಗೆ. ಐಸು ಕೇಳಲು ಬಂದ ಸೋನಾಬಾಯಿ
ನೆಲದ ಮೇಲೆ ಇಬ್ಬರನ್ನು ಕಂಡು
ಎದೆ ಬಡಿದುಕೊಂಡು “ಎವ್ವಾ, ಇಬ್ರೂ ಹೋದ್ರಲ್ಲೋ” ಅಂತ ಬಾಯಿ ತೆಗೆದಿದ್ದಳು.
ಜಗದೇವಿ ಒಂದು ಕಣ್ಣು ಬಿಟ್ಟಳು:
“ಇನ್ನಾ ಟೈಮದ. ಐಸು ಒಯ್ದು ಹೋಗ.”
ನಕ್ಕೆವು. ನಕ್ಕರೆ ಅವಳಿಗೆ ನೋಯುತ್ತದೆ, ಆದರೂ ನಕ್ಕಳು.

ಸಂಜೆ ಕರೆಂಟು ಬಂತು, ಪಂಪು ಉಸಿರಾಡತೊಡಗಿತು.
ಎತ್ತಿ ಮೇಲೆ ಮಲಗಿಸುವಾಗ ಫರಸಿಯ ಮೇಲೆ
ಬೆವರಿನ ಎರಡು ಗುರುತು, ಒಂದಕ್ಕೊಂದು ತಾಗಿ.
“ಒರಸಾ ಪಾಳಿ ಯಾರ್ದು ಇವತ್ತ?” ಕೇಳಿದಳು.

ನಂದೇ, ಅಂದೆ.