ಬೋಳುಗುಡ್ಡದಲ್ಲಿ ಒಂಬತ್ತು ಬುಟ್ಟಿ

ಚಿನಕುರಳಿ ದಾಟಿ ಬಲಕ್ಕೆ, ಆಲೆಮನೆ ಹಿಂದೆ,
ಈ ಗುಡ್ಡವನ್ನು ಈವರೆಗೆ ಹತ್ತಿದ್ದು ಆಡು ಮಾತ್ರ.
ಈಗ ಒಂಬತ್ತು ಬುಟ್ಟಿ ನಿಂತಿವೆ ಸರಪಳಿ ತೊಟ್ಟು.
ನೂರುಲ್ಲಾ ಬೆಸೆದದ್ದು:
ಹಳೇ ಸೈಕಲ್ಲಿನ ರಿಮ್ಮು, ಬೋರ್‌ವೆಲ್ಲಿನ ಪೈಪು,
ಸವೆದ ಚೈನುಗಳ ಜಡೆ.
"ಒಂದೊಂದ್ ಬುಟ್ಟೀಲೂ ಹತ್ತು ಸೈಕಲ್ ಅವೆ ಮಿಸ್,
ಮೆಲ್ಲಗೆ ಎಸೀರಿ."

ಮೆಲ್ಲಗೆ!
ಕಾಲೇಜಿನಲ್ಲಿ ಒಂದು ಕೇಜಿ ಚಕ್ರ ಎಸೆದ ತೋಳು ಇದು,
ಇಪ್ಪತ್ತಾರು ವರ್ಷ ಶಾಲೆ ಮೈದಾನದಲ್ಲಿ ಸೀಟಿ ಊದಿದ ಬಾಯಿ.
ನೂರೆಪ್ಪತ್ತು ಗ್ರಾಮಿನ ಪ್ಲಾಸ್ಟಿಕ್ ತಟ್ಟೆಗೆ
ಹೆದರುತ್ತೇನೆಯೆ?

ಮೊದಲ ಬುಟ್ಟಿ ಏರಿನ ಮೇಲೆ.
ಮೈಯೆಲ್ಲ ಕೂಡಿಸಿ ಬೀಸಿದೆ.
ತಟ್ಟೆ ಮೂಗೆತ್ತಿತು, ಏರಿತು, ನಿಂತಿತು
ಬಂದ ಕೆಲಸ ಮರೆತ ನೆಂಟನ ಹಾಗೆ,
ಆಮೇಲೆ ಹಿಂದಕ್ಕೆ ತೇಲಿ, ನನ್ನ ನೆತ್ತಿ ಮೇಲೇ ಹಾದು
ತಂಗಡಿ ಗಿಡದಲ್ಲಿ ಕೂತಿತು.
ಹಾಲಿನ ಸೊಸೈಟಿಯ ಶ್ರೀಕಂಠಸ್ವಾಮಿ
ಹಳೇ ಲೆಕ್ಕದ ಪುಸ್ತಕ ತೆರೆದು
ಲೀಟರು, ಡಿಗ್ರಿ, ಫ್ಯಾಟು ಎಂಬ ಕಾಲಮ್ಮುಗಳ ಕೆಳಗೆ
ಬರೆದುಕೊಂಡ: ಒಂದು.
"ಇದೂ ಲೆಕ್ಕವೇನ್ರೀ?"
"ಕರೆದ ಹಾಲು ಕೆಚ್ಚಲಿಗೆ ವಾಪಸ್ ಹೋದದ್ದುಂಟೇ ಮೇಡಂ?"

ಗುಡ್ಡ ಕಣ್ಣಿಗೆ ಸುಳ್ಳು ಹೇಳುತ್ತದೆ.
ಓರೆಯಲ್ಲಿ ನಿಂತವರಿಗೆ ತಮ್ಮ ಓರೆಯೇ ನೇರ.
ಬಲಗಾಲು ಒಂದು ಮೊಳ ಕೆಳಗೆ, ಸೊಂಟ ಇನ್ನೆಲ್ಲೋ,
ನಾನು ಮಟ್ಟವೆಂದು ಹಿಡಿದ ತಟ್ಟೆಯ ಮೇಲೆ
ನೂರುಲ್ಲಾ ಜೇಬಿನ ರಸಮಟ್ಟ ಇಟ್ಟ.
ಗುಳ್ಳೆ ಓಡಿಹೋಗಿ ಮೂಲೆಯಲ್ಲಿ ಕೂತಿತು.
ಮೂರು, ನಾಲ್ಕು ಬುಟ್ಟಿ ಹಾಗೇ ಕಳೆದವು,
ಬಂಡೆಗೆ ಬಡಿದು, ಬೇಲಿಗೆ ಸಿಕ್ಕಿ.

ಐದನೆಯದನ್ನು ಹೇಳಬಾರದು, ಹೇಳುತ್ತೇನೆ.
ಆರೇ ಅಡಿ. ನಮ್ಮ ಶಾಲೆಯ ಮೂರನೇ ಕ್ಲಾಸೂ ಹಾಕುತ್ತದೆ.
ಸರಪಳಿ ಝಲ್ಲೆಂದಿತು. ತಟ್ಟೆ ಹೊರಗೆ ಬಿತ್ತು,
ಅಂಚಿನ ಮೇಲೆ ನಿಂತು, ಸ್ವಲ್ಪ ಯೋಚಿಸಿ,
ಗಾಲಿಯಾಯಿತು.
ಕಾರೆಮುಳ್ಳು ತಪ್ಪಿಸಿ, ಬಂಡೆ ಸುತ್ತಿ,
ಗೌಜಲಹಕ್ಕಿ ಎರಡನ್ನು ಪುರ್ರೆಂದು ಎಬ್ಬಿಸಿ
ಇಳಿಯಿತು, ಇಳಿಯಿತು, ನಾಲೆ ಏರಿಯ ತನಕ.
ಹಿಂದೆ ನಾನು. ಐವತ್ತೆರಡರ ಮಂಡಿ,
ಚಿಪ್ಪಿನೊಳಗೆ ಕಡಲೆಪುರಿಯ ಸದ್ದು.

ಕೆಳಗೆ ಚಿಕ್ಕತಾಯಮ್ಮ
ನನ್ನ ತಟ್ಟೆಯಲ್ಲಿ ನೀರು ಹುಯ್ದು
ಆಡಿನ ಮರಿಗೆ ಕುಡಿಸುತ್ತಿದ್ದಳು.
"ತಡೀರವ್ವ, ಕುಡ್ಕಳ್ಳಿ. ನಿಮ್ಮಾಟ ಎಲ್ಗೋದದು?"
ನಿಂತೆ.
ಮರಿಗೆ ಯಾವ ಅವಸರವೂ ಇರಲಿಲ್ಲ.
ಮೂತಿ ಎತ್ತುತ್ತದೆ, ನನ್ನ ನೋಡುತ್ತದೆ, ಮತ್ತೆ ಒಂದು ಗುಟುಕು.
ಕುಂತಿಬೆಟ್ಟದ ಎರಡು ನೆತ್ತಿಯ ಮೇಲೆ ಬಿಸಿಲು ಹಳದಿಯಾಯಿತು.
"ಗಾಳಿ ಕೇಳ್ಬೇಕಾದ್ರೆ ನನ್ ಆಡ್ಗೊಳ ನೋಡಿ,
ಅವು ಬೆನ್ನು ಕೊಟ್ಟ ಕಡೆಯಿಂದ್ಲೇ ಬರೋದು."

ಏಳನೆಯ ಬುಟ್ಟಿ ಕಣಿವೆಯ ಆಚೆ, ಕೆಳಗೆ.
ಆಡು ನೋಡಿದೆ. ಅಷ್ಟೂ ನಾಲೆಗೆ ಬೆನ್ನು.
ತಟ್ಟೆಗೆ ಮರಿಯ ಜೊಲ್ಲು ಅಂಟಿತ್ತು, ಸೆರಗಿಗೆ ಒರೆಸಿ,
ಎಸೆಯಲಿಲ್ಲ,
ಕೊಟ್ಟೆ, ಎನ್ನಬೇಕು.
ಕಾಲೇಜಿನ ಚಕ್ರ ಕೈಬಿಟ್ಟ ಕ್ಷಣವೇ ನೆಲ ಕೇಳುತ್ತಿತ್ತು,
ಬಡ್ಡಿ ಕೇಳುವವನ ಹಾಗೆ.
ಇದು ಏನನ್ನೂ ಕೇಳಲಿಲ್ಲ.
ಕಬ್ಬಿನ ಗರಿಗಳ ಹಸಿರಿನ ಮೇಲೆ ಹರಡಿ ನಿಂತು
ಎಡಕ್ಕೆ ಒಂದಿಷ್ಟು ವಾಲಿ, ಮನಸ್ಸು ಬದಲಿಸಿ,
ಬುಟ್ಟಿ ದಾಟಿ ಹತ್ತು ಹೆಜ್ಜೆ ಆಚೆ ಇಳಿಯಿತು.
ಒಳಗೆ ಬೀಳಲಿಲ್ಲ.
ಯಾರೂ ಮಾತಾಡಲಿಲ್ಲ. ಶ್ರೀಕಂಠಸ್ವಾಮಿ
ಪೆನ್ನು ಕಿವಿಗೆ ಸಿಕ್ಕಿಸಿ ಬರೆಯುವುದನ್ನೇ ಮರೆತ.

ಒಟ್ಟು ಅರವತ್ತೊಂದು, ಫ್ಯಾಟಿನ ಕಾಲಮ್ಮಿನಲ್ಲಿ.
ಈ ಡೈರಿ ನನ್ನ ಹಾಲು ಕೊಳ್ಳುವುದಿಲ್ಲವಂತೆ.

ಕತ್ತಲಲ್ಲಿ ಇಳಿಯುವಾಗ
ಮೇಲೆಲ್ಲೋ ಸರಪಳಿ ಝಲ್ಲೆಂದಿತು, ಮತ್ತೊಮ್ಮೆ.
ನಾಲ್ಕನೆಯ ಬುಟ್ಟಿಗೆ ಹೋತ ಒಂದು ಬೆನ್ನುಜ್ಜುತ್ತಿತ್ತು.
"ನೋಡಿ ಮಿಸ್," ಅಂದ ನೂರುಲ್ಲಾ,
"ಎಸೀದೇನೇ ಹಾಕ್ದ."