ಸಾವಿರದ ಲೆಕ್ಕ

ಸೋಮವಾರ ನಮ್ಮ ಹೋಟೆಲಿಗೆ ರಜೆ.
ಚರ್ಚ್ ಸ್ಟ್ರೀಟಿನ ಅಡುಗೆಮನೆಯಲ್ಲಿ
ವಾರಕ್ಕೆ ಆರು ದಿನ ಬೆಳ್ಳುಳ್ಳಿ ಸುಲಿಯುವ ನಾನು
ಕಾಮಾಕ್ಷಿಪಾಳ್ಯದ ಮನೆಯ ನೆಲದ ಮೇಲೆ
ಅರ್ಧ ಕೆಜಿ ಚಿರೋಟಿ ರವೆ ಸುರಿದುಕೊಂಡು ಕೂತೆ,
ನಡುವೆ ಪುಟ್ಟ ಬಾವಿ ತೋಡಿ
ಉಗುರುಬೆಚ್ಚಗಿನ ನೀರು ಬಿಟ್ಟು.

ಪಾಸ್ತಾಗೆ ಮೊಟ್ಟೆ ಬೇಡವಾ ಎಂದು ಲಾರೆನ್ಸ್ ಸರ್‌ನ ಕೇಳಿದ್ದೆ.
ಇದಕ್ಕೆ ಬೇಡ, ಬಡವರ ಊಟ ಇದು, ಅಂದಿದ್ದರು.
ಮೆನುವಿನಲ್ಲಿ ಅದರ ಪಕ್ಕ
ಆರುನೂರ ಎಂಬತ್ತು ರೂಪಾಯಿ.

ಹಿಟ್ಟು ಮೊದಲು ಮಾತು ಕೇಳುವುದಿಲ್ಲ.
ಮರಳಿನ ಹಾಗೆ ಬೆರಳ ಸಂದಿಯಲ್ಲಿ ಸೋರುತ್ತದೆ,
ಆಮೇಲೆ ಅಂಟುತ್ತದೆ, ಮುನಿಯುತ್ತದೆ,
ಮಣಿಕಟ್ಟು ನೋಯುವಷ್ಟು ನಾದಿದರೆ
ಇದ್ದಕ್ಕಿದ್ದಂತೆ ಕಿವಿಯ ಹಾಲೆಯಷ್ಟು ಮೆತ್ತಗೆ.
ಒದ್ದೆ ಬಟ್ಟೆ ಹೊದಿಸಿ ಮಲಗಿಸಿದೆ.
ಅಷ್ಟರಲ್ಲಿ ನಲ್ಲಿಯಲ್ಲಿ ಕಾವೇರಿ ಬಂತು.
ಬಿಂದಿಗೆ, ಬಕೆಟ್ಟು, ನೀಲಿ ಡ್ರಮ್ಮು.
ರಜೆಯ ದಿನ ಆರಾಮಾಗಿ ಮಲಗಿದ್ದು
ಹಿಟ್ಟೊಂದೇ.

ಉದ್ದಕ್ಕೆ ಎಳೆ ತೀಡಬೇಕು. ನನ್ನವು
ಒಂದು ಕಪ್ಪೆ ನುಂಗಿದ ಹಾವು,
ಇನ್ನೊಂದು ಇಲಿಯ ಬಾಲ.
ಅತ್ತೆ ಟಿವಿಯ ದನಿ ತಗ್ಗಿಸಿದರು.
ಸರಿ ಆ ಕಡೆ, ಅಂದರು.

ದೊಡ್ಡತಾಯಮ್ಮ. ಮೂವತ್ತೊಂದು ವರ್ಷ
ಊದುಬತ್ತಿ ಹೊಸೆದ ಕೈ.
ಮಣೆಯ ಮೇಲೆ ಉಂಡೆ, ಉಂಡೆಯ ಮೇಲೆ ಅಂಗೈ,
ಒಂದೇ ಜಾರು:
ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ.
ಇನ್ನೊಂದು. ಮತ್ತೊಂದು.
ಕಡ್ಡಿ ಎಲ್ಲಿ, ಎಂದು ಎಡಗೈ ಚಾಚಿದರು ನಡುವೆ,
ಚಾಚಿದ ಕೈ ನೋಡಿ ತಾವೇ ನಕ್ಕರು.

ಆಗೆಲ್ಲ ಸಾವಿರ ಕಡ್ಡಿಗೆ ಇಷ್ಟು ಅಂತ ಲೆಕ್ಕ.
ಮೇಸ್ತ್ರಿ ಬಂದು ಕಂತೆ ಬಿಚ್ಚಿ
ಸೊಟ್ಟಗಿದ್ದದ್ದನ್ನು, ಸಿಡಿದದ್ದನ್ನು ಆಚೆ ಎಸೆಯುತ್ತಿದ್ದನಂತೆ.
'ಒಂದಿನ ಇನ್ನೂರ ಹತ್ತು ಎಸೆದ.
ಮೋಡ ಮುಚ್ಕೊಂಡಿತ್ತು, ಒಣಗಿರಲಿಲ್ಲ. ನನ್ನ ತಪ್ಪಾ?'
ಕೇಳಿದ್ದು ನನ್ನನ್ನಲ್ಲ.
ಕೈ ನಿಲ್ಲಲಿಲ್ಲ.

ಕಿವಿಗಳನ್ನೂ ಮಾಡೋಣ ಎಂದೆ.
ಕಡಲೆಕಾಳಿನಷ್ಟು ತುಂಡು,
ಹೆಬ್ಬೆಟ್ಟಿಂದ ಒತ್ತಿ ಎಳೆದರೆ ತಾನೇ ಮುದುರಿ ಕಿವಿಯಾಗುತ್ತದೆ.
ನನ್ನ ಕಿವಿಗಳ ಒಳಗೆ ನನ್ನ ಬೆರಳಿನ ಗೆರೆ,
ಸುತ್ತಿನೊಳಗೆ ಸುತ್ತು.
ಅತ್ತೆಯ ಕಿವಿಗಳ ಒಳಗೆ
ಏನೂ ಇರಲಿಲ್ಲ.

ರೇಷನ್ ಅಂಗಡಿಯ ಯಂತ್ರ ನೆನಪಾಯಿತು.
ತಿಂಗಳು ತಿಂಗಳೂ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ,
ತಲೆಗೆ ಸವರಿ ಎಣ್ಣೆ ಹತ್ತಿಸಿ ಇಡುತ್ತಾರೆ.
ಕೆಂಪು ದೀಪ. ಇನ್ನೊಂದ್ಸಲ ಇಡಮ್ಮ. ಕೆಂಪು.
ಹೊಸೆದು ಹೊಸೆದು ಆ ಬೆರಳು
ತನ್ನ ಗೆರೆಗಳನ್ನೆಲ್ಲ ಕಡ್ಡಿಗಳಿಗೆ ಕೊಟ್ಟುಬಿಟ್ಟಿದೆ;
ಅವು ಯಾರ್ಯಾರದೋ ದೇವರ ಮುಂದೆ
ಉರಿದು ಹೋಗಿವೆ.

ನಾನು ಬಾಯಿ ಬಿಡಲಿಲ್ಲ.
'ನಂದು ನುಣ್ಣಗೆ ಬಂದವೆ,' ಅಂದರು ಅವರೇ,
'ನಿಂದು ನೋಡು, ಕಜ್ಜಿ ಕಜ್ಜಿ.'

ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಹರವಿದೆವು.
ಕಾಗೆ ಬೆದರಲೆಂದು ಕರಿ ಕೊಡೆ ಬಿಚ್ಚಿಟ್ಟೆವು.
ಮೇಲಿನ ಮನೆಯ ಇಂಪನ ಬಗ್ಗಿ ನೋಡಿ
ಅಜ್ಜಿ, ಶಾವಿಗೆನಾ? ಅಂದಳು.
ಅಲ್ಲ ಕಣೆ, ಬತ್ತಿ.

ಸಂಜೆ ಉಪ್ಪುನೀರು ಕುದಿಯಿತು.
ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ. ಸಾಕು ಅನ್ನುವಷ್ಟರಲ್ಲಿ
ನಾನು ಬಚ್ಚಲಿಗೆ ಹೋಗಿ ಬರುವುದರೊಳಗೆ
ಸಾಸಿವೆ ಸಿಡಿದಿತ್ತು, ಕರಿಬೇವು ಬಿದ್ದಿತ್ತು.
ಕೇಳಿದರೆ, ಯಾರು ಹಾಕಿದ್ರೋ, ಅಂದರು.

ಗೋಡೆಗೊರಗಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು
ಮೊದಲ ತುತ್ತಿಗೇ ಕೇಳಿದರು:
ನಿಮ್ಮ ಹೋಟ್ಲಲ್ಲಿ ಎಷ್ಟು ಇದಕ್ಕೆ?
ಎಂಬತ್ತು, ಎಂದೆ,
ಆರುನೂರನ್ನು ಪಾಸ್ತಾದ ಜೊತೆ ನುಂಗಿ.

ಎಂಬತ್ತಾ!
ಅವರು ತಟ್ಟೆಯ ಎಳೆಗಳನ್ನು ಬೆರಳಲ್ಲಿ ಸರಿಸಿದರು,
ತುಟಿ ಅಲ್ಲಾಡುತ್ತಿತ್ತು, ಹನ್ನೊಂದು, ಹನ್ನೆರಡು,
ಒಂದಕ್ಕೊಂದು ತೊಡರಿಕೊಂಡು, ಇಪ್ಪತ್ತರ ಹತ್ತಿರ ಎಲ್ಲೋ
ಲೆಕ್ಕ ತಪ್ಪಿತು.
ಮತ್ತೆ ಮೊದಲಿಂದ ಶುರು ಮಾಡಲಿಲ್ಲ.
ಉಪ್ಪು ಕಮ್ಮಿ, ಅಂದರು.
ಇನ್ನೊಂದಿಷ್ಟು ಹಾಕಿಸಿಕೊಂಡರು.